ಒಳಕ್ಕೆ ಬಾಗಿದ ಅಂಚು

ನಾನು ಒಂದು ಸ್ಲಂಪ್ ಕೋನ್. ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ತಗಡು ಬಗ್ಗಿಸಿ, ಬೆಸೆದು, ಎರಡು ಹಿಡಿಕೆ ಕೊಟ್ಟು ನನ್ನನ್ನು ಮಾಡಿದರು. ಮೇಲೆ ಕಿರಿದು, ಕೆಳಗೆ ಅಗಲ. ಎರಡೂ ತುದಿ ತೆರೆದದ್ದು. ಹಸಿ ಕಾಂಕ್ರೀಟನ್ನು ನನ್ನೊಳಗೆ ತುಂಬಿ, ಕಂಬಿಯಿಂದ ಕುಟ್ಟಿ, ನನ್ನನ್ನು ಮೇಲೆತ್ತುತ್ತಾರೆ. ರಾಶಿ ಎಷ್ಟು ಕುಸಿಯಿತೆಂದು ಅಳೆದು, ನೀರು ಹೆಚ್ಚೋ ಹದವೋ ತಿಳಿಯುತ್ತಾರೆ. ಇಷ್ಟೇ ನನ್ನ ಕಸುಬು.

ನಾಲ್ಕಾರು ಕೈ ದಾಟಿ, ಕುಮಟಾ ಕಡೆ ನೀರಿನ ಟ್ಯಾಂಕ್ ಕಟ್ಟಿಸುತ್ತಿದ್ದ ಇಂಜಿನಿಯರ್ ಪದ್ಮನಾಭಯ್ಯನವರ ಹತ್ತಿರ ಬಂದೆ. ಅಲ್ಲಿ ಸೊಂಟದಾಳಕ್ಕೇ ಗಟ್ಟಿ ನೆಲ ಸಿಕ್ಕಿದ್ದರಿಂದ ಪಾಯ ಆಳ ಬೇಕಿರಲಿಲ್ಲ. ಆದರೆ ಉಪ್ಪುನೀರಿನ ಜಾಗ; ಒಳಗಿನ ಕಬ್ಬಿಣ ಕೆಡದಂತೆ ಕಾಯುವ ವಿಶೇಷ ಕಾಂಕ್ರೀಟೇ ಲಾರಿಯಲ್ಲಿ ಬರಬೇಕಿತ್ತು.

ಆಯುಧಪೂಜೆಯ ಬೆಳಿಗ್ಗೆ ತೋರಣ ಕಟ್ಟಲು ಒಂದು ಮೊಳೆ ಹೊಡೆಯಬೇಕಾಯಿತು. ಸುತ್ತಿಗೆಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತುಬಿಟ್ಟಿದ್ದವು, ಮುಟ್ಟುವ ಹಾಗಿಲ್ಲ.

"ಇದಕ್ಕಿನ್ನೂ ಪೂಜೆ ಆಗಿಲ್ಲ, ಕೊಡಿ ಇಲ್ಲಿ" ಎಂದು ಪದ್ಮನಾಭಯ್ಯನವರು ನನ್ನ ತಳದಂಚಿನಿಂದಲೇ ಮೊಳೆ ಬಡಿದರು. ಆಮೇಲೆ ಭಕ್ತಿಯಿಂದ ನನಗೂ ಕುಂಕುಮವಿಟ್ಟರು. ಅಂಚು ಒಳಕ್ಕೆ ಬಾಗಿದ್ದನ್ನು ಯಾರೂ ನೋಡಲಿಲ್ಲ.

ಎರಡು ದಿನ ಬಿಟ್ಟು ಡ್ರೈವರ್ ಫಕೀರಪ್ಪ ಕಾಂಕ್ರೀಟ್ ತಂದ. ನನ್ನನ್ನು ಎತ್ತಿದಾಗ ಬಾಗಿದ ಅಂಚು ರಾಶಿಯನ್ನು ಕೆರೆದೆಳೆಯಿತು. ನೀರು ಹೆಚ್ಚಾದ ಹಾಗೆ ರಾಶಿ ಪಕ್ಕಕ್ಕೆ ಜಾರಿಬಿತ್ತು. ಇನ್ನೊಮ್ಮೆ ನೋಡಿದರು. ಮತ್ತೂ ಹಾಗೆಯೇ.

"ದಾರೀಲಿ ನೀರು ಬಿಟ್ಟಿದೀಯಲ್ಲೋ ಫಕೀರಪ್ಪ?"

"ಎಲ್ಲವ್ವನಾಣಿ ಸಾಹೇಬ್ರ, ಒಂದ್ ತಂಬ್ಗಿ ನೀರೂ ಹಾಕಿಲ್ರೀ. ಹದಿನಾಲ್ಕ್ ವರ್ಷಾತು ಗಾಡಿ ಹೊಡ್ಯಾಕ್ಹತ್ತಿ."

"ನಿನ್ನ ಆಣೆ ಮೇಲೆ ಟ್ಯಾಂಕ್ ನಿಲ್ಲುತ್ತೇನೋ? ತಿರುಗಿಸು ಗಾಡಿ."

ಫಕೀರಪ್ಪ ನನ್ನನ್ನೇ ನೋಡಿದ. "ತಗಡಿನ ಮುಂದ ನನ್ನ ಮಾತು ಎಲ್ಲಿ ನಡೀತೈತ್ರೀ" ಎಂದು ಗಾಡಿ ಹತ್ತಿದ.

ನನ್ನನ್ನು ತೊಳೆಯುವಾಗ ಪದ್ಮನಾಭಯ್ಯನವರ ಹೆಬ್ಬೆರಳು ಬಾಗಿದ ಜಾಗಕ್ಕೆ ತಾಗಿತು. ಬೆರಳು ಅಲ್ಲೇ ನಿಂತಿತು. ತಲೆಯೆತ್ತಿ ತೋರಣದ ಮೊಳೆ ನೋಡಿದರು. ತಕ್ಷಣ ಕಾಂಕ್ರೀಟ್ ಪ್ಲಾಂಟಿಗೆ ಫೋನ್ ಹಚ್ಚಿದರು.

"ಹೇಳಿ ಸರ್. ಗಾಡಿ ವಾಪಸ್ ಕಳಿಸಿದ್ದು ಗೊತ್ತಾಯ್ತು. ಆ ಫಕೀರಪ್ಪನ್ನ ಇವತ್ತೇ ಕೆಲಸದಿಂದ ತೆಗೀತಾ ಇದೀವಿ. ಸರಿ ತಾನೆ?" ಎಂದಿತು ಆ ಕಡೆಯ ದನಿ.

ಪದ್ಮನಾಭಯ್ಯನವರು ನನ್ನನ್ನು ಕೆಳಗಿಟ್ಟರು.

"ನಾಳೆ ಗಾಡಿ ಎಷ್ಟೊತ್ತಿಗೆ ಬರುತ್ತೆ?"

ಆಮೇಲೆ ಸುತ್ತಿಗೆ ತಂದು ನನ್ನ ಅಂಚನ್ನು ಮೆಲ್ಲಗೆ ತಟ್ಟಿ ನೇರ ಮಾಡಿದರು.

ಈಗ ನಾನು ಗೋದಾಮಿನ ಮೂಲೆಯಲ್ಲಿದ್ದೇನೆ. ಮೈಯೆಲ್ಲ ತುಕ್ಕು. ಮೂಕ ತಗಡು, ನನ್ನಿಂದೇನು ಮಾಡಲಾಗುತ್ತಿತ್ತು ಎಂದುಕೊಂಡು ನೋಡಿದ್ದೇನೆ; ಸಮಾಧಾನವಾಗುವುದಿಲ್ಲ. ಒಬ್ಬ ಮನುಷ್ಯ ದೇವರಾಣೆ ಇಟ್ಟು ನಿಜ ಹೇಳುತ್ತಿದ್ದಾಗ, ಅವನ ಎದುರಿಗೇ, ಹಣೆಯ ಕುಂಕುಮವೂ ಅಳಿಯದೆ ನಾನು ನೆಟ್ಟಗೆ ನಿಂತಿದ್ದೆ.