ಎಂಟು ಪಡಿ ನೀರು

ತೀರಿಕೊಂಡ ಭಾವ ವೆಂಕಟೇಶಪ್ಪನವರ ಮೈಗೆ ಸೇರಬೇಕಾದ ಹತ್ತು ಸೇರು ದ್ರವ ಸೇರಿ ಮುಗಿದಿತ್ತು. ಆದರೂ ತೂಗುಹಾಕಿದ್ದ ಡಬ್ಬದಲ್ಲಿ ಇನ್ನೂ ನಾಲ್ಕು ಸೇರಿನಷ್ಟು ಉಳಿದಿತ್ತು. ಸುಬ್ಬರಾಮ ಡಬ್ಬವನ್ನು ಅಲುಗಿಸಿ ನೋಡಿದ. ಲೆಕ್ಕದ ಪ್ರಕಾರ ಡಬ್ಬ ಬರಿದಾಗಬೇಕಿತ್ತು.

ಅವನು ಹೊಸೂರಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟರು. ಹಿಂದೆ ಮೈಸೂರಿನಲ್ಲಿ ಹೆಣ ಕೆಡದಂತೆ ಇಡುವ ಕೆಲಸ ಕಲಿತಿದ್ದ. ಭಾವ ತೀರಿಕೊಂಡ ಬೆಳಿಗ್ಗೆ ಅಕ್ಕ ತುಳಸಮ್ಮ ಅವನ ಕೈ ಹಿಡಿದಿದ್ದಳು.

"ಯುದ್ಧಕ್ಕೋದ ಮಗ ಅಸ್ಸಾಮಿಂದ ಬತ್ತಾವ್ನೆ ಕಣ್ಲಾ. ಅಪ್ಪನ್ನ ಕಣ್ಣಾರೆ ನೋಡ್ದೆ ಎಂಗೆ ಬೆಂಕಿ ಇಟ್ಟಾನು?"

ಹೆಣ ಕೆಡದಂತೆ ತಡೆಯುವ ಫಾರ್ಮಲಿನ್ನಿನ ಬಲ ನೂರಕ್ಕೆ ನಲವತ್ತು. ಅದನ್ನು ಎಂಟಕ್ಕೆ ಇಳಿಸಲು ಒಂದು ಪಾಲಿಗೆ ನಾಲ್ಕು ಪಾಲು ನೀರು ಬೇಕು. ಸೀಸೆಯ ಗುರುತು ನೋಡಿ ಎರಡು ಸೇರು ಫಾರ್ಮಲಿನ್ ಸುರಿದಿದ್ದ. ನೀರನ್ನು ಮಾತ್ರ ಮನೆಯಲ್ಲಿ ರಾಗಿ ಅಳೆಯುವ ಹಿತ್ತಾಳೆ ಪಾತ್ರೆಯಲ್ಲಿ ಎಂಟು ಸಲ ಅಳೆದಿದ್ದ.

ಈಗ ಆ ಪಾತ್ರೆಯನ್ನು ಕೈಗೆತ್ತಿಕೊಂಡು ನೋಡಿದ. ಅದು ಮೈಸೂರಿನ ಸೇರಲ್ಲ, ಈ ಸೀಮೆಯ ಪಡಿ. ಸೇರಿನ ಒಂದೂವರೆಯಷ್ಟು ದೊಡ್ಡದು. ನೀರು ಎಂಟಲ್ಲ, ಹನ್ನೆರಡು ಸೇರು ಬಿದ್ದಿದೆ. ದ್ರವದ ಬಲ ಆರನ್ನೂ ಮುಟ್ಟಿಲ್ಲ. ಹೊರಗೆ ಚೈತ್ರದ ಬಿಸಿಲು.

"ಮೇಷ್ಟ್ರು ಭಾವನ್ನ ಉಪ್ಪಿನಕಾಯಿ ಹಾಕ್ತಾವ್ರಂತೆ," ಎಂದು ಅಂಗಳದಲ್ಲಿ ನೆರೆಯ ಪಿಳ್ಳಮ್ಮ ಯಾರಿಗೋ ಹೇಳುತ್ತಿದ್ದಳು.

ಸೀಸೆಯ ತಳದಲ್ಲಿ ಅರ್ಧ ಸೇರು ಉಳಿದಿತ್ತು. ಅದು ಇಡೀ ಮೈಗೆ ಸಾಲದು. ಉಳಿದ ನಾಲ್ಕು ಸೇರಿಗೆ ಅದನ್ನು ಬೆರೆಸಿದರೆ ಬಲ ಒಂಬತ್ತು ದಾಟುತ್ತದೆ. ಮುಖವನ್ನಾದರೂ ಉಳಿಸಬಹುದು. ಆದರೆ ಹೆಚ್ಚು ಹರಿದರೆ ಮುಖ ಊದಿ, ಮರದಂತೆ ಬಿಗಿದು, ಯಾರದೋ ಆಗಿಬಿಡುತ್ತದೆ. ಅವನು ಎರಡನ್ನೂ ಬೆರೆಸಿ, ಕತ್ತಿನ ರಕ್ತನಾಳಕ್ಕೆ ಕೊಳವೆ ಸೇರಿಸಿ, ಭಾವನ ಕೆನ್ನೆಯ ಮೇಲೆ ಬೆರಳಿಟ್ಟುಕೊಂಡು, ಸ್ವಲ್ಪಸ್ವಲ್ಪವೇ ದ್ರವ ಬಿಟ್ಟ. ಬೆರಳ ಕೆಳಗೆ ಕೆನ್ನೆ ಗಟ್ಟಿಯಾಗತೊಡಗಿದೊಡನೆ ನಿಲ್ಲಿಸಿದ.

"ಮುಗೀತೇನ್ಲಾ?" ಎಂದಳು ತುಳಸಮ್ಮ ಬಾಗಿಲಿನಿಂದ.

"ಮುಗೀತಕ್ಕ. ಹೊದಿಕೆ ಮಾತ್ರ ತೆಗೀಬ್ಯಾಡ. ಔಷಧಿ ಕೆಟ್ಟೋಯ್ತದೆ."

ಆ ಸುಳ್ಳು ಹೇಳುವಾಗ ಅವನು ಅಕ್ಕನ ಮುಖ ನೋಡಲಿಲ್ಲ. ಮಗ ಬರುವವರೆಗೂ ಊದುಬತ್ತಿ ಆರದಂತೆ ನೋಡಿಕೊಂಡ. ಮುಖ ಕೆಡದೆ ಹಾಗೇ ನಿಂತಿತು. ಪಾದದ ಚರ್ಮ ಮಾತ್ರ ಬೊಬ್ಬೆ ಎದ್ದು ಸಡಿಲವಾಗುತ್ತ ಬಂತು. ಮುಟ್ಟಿದರೆ ಕಳಚುವಂತಿತ್ತು.

ತಿಮ್ಮಣ್ಣ ಬಂದವನು ಅಪ್ಪನ ಮುಖವನ್ನು ನೋಡುತ್ತ ನಿಂತ. "ನಿದ್ದೆ ಮಾಡ್ತಾ ಇರೋ ಹಂಗವ್ರೆ, ಮಾವ," ಎಂದ. ಆಮೇಲೆ ಕಾಲ ಬಳಿ ಮೊಣಕಾಲೂರಿ ಹೊದಿಕೆಯ ಅಂಚಿಗೆ ಕೈ ಹಾಕಿದ.

ಸುಬ್ಬರಾಮ ಒಂದು ಹೆಜ್ಜೆ ಮುಂದಿಟ್ಟ. ನಮಸ್ಕರಿಸುವ ಮಗ ಮೊದಲು ಹಿಡಿಯುವುದು ಪಾದವನ್ನೇ ಎಂಬುದು ಅವನ ಯಾವ ಲೆಕ್ಕದಲ್ಲೂ ಬಂದಿರಲಿಲ್ಲ.

"ಬಟ್ಟೆ ಮ್ಯಾಲೇ ಮುಟ್ಟಪ್ಪ," ಎಂದಳು ತುಳಸಮ್ಮ.

"ಯಾಕವ್ವ?"

"ನಾನು ನೋಡಿವ್ನಿ. ನೀನು ನೋಡ್ಬ್ಯಾಡ."

ತಿಮ್ಮಣ್ಣ ಹೊದಿಕೆಯ ಮೇಲೆ ಹಣೆ ಊರಿದ. ಸುಬ್ಬರಾಮ ಆ ಹಣೆಯ ಭಾರಕ್ಕೆ ಬಟ್ಟೆ ಎಲ್ಲಿ ಒದ್ದೆಯಾಗುತ್ತದೋ ಎಂದು ನೋಡುತ್ತಲೇ ಇದ್ದ.