ತಾಯಿ ಉಸಿರಿಗೆ ಮೇಲೆ ಹೋದಾಗ

ನನ್ನ ಗಂಡ ಶ್ಯಾಮಸುಂದರ ಮದುವೆಯಾದದ್ದು ನನ್ನನ್ನು, ಜೀವ ಇಟ್ಟುಕೊಂಡಿರುವುದು ಹೂಗ್ಲಿ ನದಿಯ ಒಂದು ಡಾಲ್ಫಿನ್ ಮರಿಯ ಮೇಲೆ. ಧಾರವಾಡದಿಂದ ಬಂದು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ನದಿಯ ಪ್ರಾಣಿಗಳ ಬಗ್ಗೆ ಸಂಶೋಧನೆ ಮಾಡುತ್ತಾನೆ. ಬಂಗಾಳಿಗಳು ಶುಶುಕ್ ಎಂದು ಕರೆಯುವ ಗಂಗೆಯ ಡಾಲ್ಫಿನ್‌ಗೆ ಕಣ್ಣು ಹೆಸರಿಗಷ್ಟೇ. ಕೆಸರು ನೀರಿನಲ್ಲಿ ಟಿಕ್ ಟಿಕ್ ಎಂದು ಸದ್ದು ಬಿಡುತ್ತಾ, ಅದು ಎಲ್ಲಿಗೆ ಬಡಿದು ತಿರುಗಿ ಬಂತು ಎಂಬುದರ ಮೇಲೆ ದಾರಿ ಕಂಡುಕೊಳ್ಳುತ್ತದೆ.

ದಕ್ಷಿಣೇಶ್ವರದ ಹತ್ತಿರ ಒಂದು ಜೆಟ್ಟಿಯ ಕೆಳಗೆ ಅವನ ವಿಭಾಗದವರು ನೀರಿಗೆ ಮೈಕು ಇಳಿಸಿದ್ದಾರೆ. ನಮ್ಮ ಕಿವಿಗೆ ನಿಲುಕದ ಆ ಸದ್ದನ್ನು ಒಂದು ಯಂತ್ರ ತಗ್ಗಿಸಿ ಇಂಟರ್ನೆಟ್ಟಿನಲ್ಲಿ ಕಳಿಸುತ್ತದೆ. ಮಳೆಗಾಲದಿಂದ ಅಲ್ಲಿ ಒಂದು ತಾಯಿ, ಒಂದು ಮರಿ ಓಡಾಡುತ್ತಿದ್ದವು. ದುರ್ಗಾಪೂಜೆ ಮುಗಿದು, ಭಾಸಾನ್ ದಿನ ಮೂರ್ತಿಗಳನ್ನು ನೀರಿಗೆ ಬಿಟ್ಟರು. ನದಿ ತುಂಬ ದೋಣಿ, ಢಾಕ್ ಡೋಲುಗಳ ಬಡಿತ, ಗದ್ದಲ. ಅಂದಿನಿಂದ ಮರಿಯ ಸದ್ದೇ ಇಲ್ಲ.

ಪೂಜೆ ರಜೆಗೆ ಲ್ಯಾಬಿಗೆ ಬೀಗ ಬಿದ್ದಿದ್ದರಿಂದ ಅವನು ಬಾಲಿಗಂಜ್‌ನ ನಮ್ಮ ಫ್ಲ್ಯಾಟಿನಲ್ಲೇ ಲ್ಯಾಪ್‌ಟಾಪಿಗೆ ಕಿವಿಯಿಟ್ಟು ಕೂತಿರುತ್ತಿದ್ದ. ಸದ್ದು ತುಂಡು ತುಂಡಾಗಿ ಬರುತ್ತಿತ್ತು. ಒಂದಿಷ್ಟು ಟಿಕ್ ಟಿಕ್, ಆಮೇಲೆ ಏನೂ ಇಲ್ಲ, ಮತ್ತೆ ಅರ್ಧಕ್ಕೇ ಶುರು.

"ಮರಿ ಹೋಗ್ಯದ, ಅಪರ್ಣಾ. ಯಾವುದೋ ಬಲೆಯೊಳಗ ಸಿಕ್ಕಿರಬೇಕು," ಅಂದ. ಆ ಮಾತು ಹೇಳುವಾಗ ಅವನ ಮುಖ ನೋಡಲಾಗಲಿಲ್ಲ.

"ನೆಟ್ ಸರಿ ಮಾಡೋ ಮೊದ್ಲೇ ಮರಿನ ಸಾಯಿಸ್ಬೇಡ," ಅಂದೆ. ಪಾರ್ಕ್ ಸ್ಟ್ರೀಟಿನ ಆಫೀಸಿನಲ್ಲಿ ಊರವರ ಕಂಪ್ಯೂಟರು ನಿಧಾನವಾದರೆ ಓಡಿಸುವುದೇ ನನ್ನ ಕೆಲಸ. ನನ್ನ ಮನೆಯಲ್ಲೇ ನೆಟ್ ಮುಗ್ಗರಿಸಿದರೆ ಮಾನ ಉಳಿಯುತ್ತದೆಯೇ?

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಕಸಿದುಕೊಂಡು ಕೂತೆ. ಹೆಗಲ ಮೇಲಿಂದ ಇಣುಕಿ ತಲೆ ತಿನ್ನುತ್ತಿದ್ದವನನ್ನು ಲೂಚಿ ಪೂರಿಗೆ ಮೈದಾ ಕಲಸಲು ಅಡುಗೆಮನೆಗೆ ಅಟ್ಟಿದೆ. ನಮ್ಮ ಆಫೀಸಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಾಯಿಸಬೇಕು, ಪರೀಕ್ಷೆ ಮಾಡಿ ನೋಡಬೇಕು, ಆಮೇಲೆ ಮುಂದಿನದು. ಹಾಗೇ ಶುರು ಮಾಡಿದೆ.

ಬ್ಯಾಟರಿ ಉಳಿಸುವ ನೆಪದಲ್ಲಿ ಸಿಸ್ಟಂ ಆಗಾಗ ವೈಫೈಯನ್ನು ತೂಕಡಿಸಲು ಬಿಡುತ್ತಿತ್ತು. ಅದನ್ನು ನಿಲ್ಲಿಸಿದೆ. ಸದ್ದು ಸ್ವಲ್ಪ ಸುಧಾರಿಸಿತು. ಪೆಂಡಾಲುಗಳ ಮುಂದೆ ತೆಗೆದ ಫೋಟೋಗಳೆಲ್ಲ ಹಿನ್ನೆಲೆಯಲ್ಲಿ ಕ್ಲೌಡಿಗೆ ಏರುತ್ತಿದ್ದವು. ಅವನ್ನೂ ತಡೆದೆ.

ಆಮೇಲೆ ಅಪ್‌ಡೇಟ್ ಸೆಟ್ಟಿಂಗಿಗೆ ಹೋದೆ. ಲ್ಯಾಪ್‌ಟಾಪು ತನಗೆ ಬಂದ ಅಪ್‌ಡೇಟಿನ ತುಣುಕುಗಳನ್ನು ಇಂಟರ್ನೆಟ್ಟಿನಲ್ಲಿರುವ ಬೇರೆ ಕಂಪ್ಯೂಟರುಗಳಿಗೂ ಹಂಚಬಹುದು ಎಂಬ ಅನುಮತಿ ಅಲ್ಲಿ ತೆರೆದೇ ಇತ್ತು. ಆಫೀಸಿನ ಯಂತ್ರಗಳಲ್ಲಿ ಅದನ್ನು ಮೊದಲೇ ಮುಚ್ಚಿಟ್ಟಿರುತ್ತಾರೆ, ಹಾಗಾಗಿ ಮನೆಯಲ್ಲಿ ನೋಡಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಈ ತಿಂಗಳು ಎಷ್ಟು ಹಂಚಿದೆ ಎಂಬ ಲೆಕ್ಕ ನೋಡಿ ಮೂಗಿನ ಮೇಲೆ ಬೆರಳಿಟ್ಟೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾವು ಚಹಾ ಕುಡಿಯುತ್ತಾ, ಜಗಳವಾಡುತ್ತಾ ಇದ್ದಾಗ ಈ ಹಳೇ ಡಬ್ಬ ಯಾವ್ಯಾವುದೋ ಊರಿನ, ಹೆಸರೂ ಗೊತ್ತಿಲ್ಲದ ಮನೆಗಳಿಗೆ ತುತ್ತು ತುತ್ತಾಗಿ ಬಡಿಸುತ್ತಿತ್ತು. ಬೆರಗಾದೆ. ಆಮೇಲೆ ಆ ಅನುಮತಿಯನ್ನು ಮುಚ್ಚಿದೆ.

ನೀರಿನ ಸದ್ದು ಕೋಣೆ ತುಂಬ ಹರಡಿತು. ಟಿಕ್ ಟಿಕ್ ಸ್ಪಷ್ಟವಾಗಿ, ಒಂದೇ ಸಮನೆ ಬಂತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮತ್ತೆ ನಿಂತಿತು.

ಸ್ಪೀಡ್ ಟೆಸ್ಟ್ ಮಾಡಿದೆ, ಚೆನ್ನಾಗಿಯೇ ಇತ್ತು. ಟಿಕ್ ಟಿಕ್ ಮತ್ತೆ ಬಂತು, ಮತ್ತೆ ನಿಂತಿತು. ರೇಗಿಹೋಗಿ ರೌಟರಿನ ವೈರು ಕೀಳಲು ಎದ್ದವಳಿಗೆ ಒಂದು ವಿಷಯ ಗಮನಕ್ಕೆ ಬಂತು. ಟಿಕ್ ಟಿಕ್ ನಿಂತಾಗಲೂ ದೂರದ ಲಾಂಚಿನ ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಹಾಗಾದರೆ ನೆಟ್ ಕಡಿದಿಲ್ಲ. ನಿಂತದ್ದು ನೀರಿನಲ್ಲಿದ್ದ ಜೀವ.

ಶ್ಯಾಮನನ್ನು ಕೂಗಿದೆ. ಕೈತುಂಬ ಹಿಟ್ಟು ಮೆತ್ತಿಕೊಂಡೇ ಬಂದ. ಕಿವಿಗೊಟ್ಟು ಕೇಳಿದ. "ಅದು ತಾಯಿ. ಉಸಿರು ತೊಗೊಳ್ಳಾಕ ಮ್ಯಾಲ ಬರ್ತದ," ಅಂದ. "ತಲಿ ನೀರಿನ ಹೊರಗ ಇದ್ದಷ್ಟು ಹೊತ್ತು ಸದ್ದು ನಿಲ್ತದ." ಇಷ್ಟು ದಿನ ಯಾವುದು ಉಸಿರು, ಯಾವುದು ನೆಟ್ ಕಡಿದದ್ದು ಎಂದು ಅವನಿಗೇ ತಿಳಿಯದಂತಾಗಿತ್ತು.

ತಾಯಿ ಮತ್ತೆ ಕೆಳಗಿಳಿಯಿತು. ಲಾಂಚು ದೂರ ಹೋಗಿ ಅದರ ಗುರುಗುಟ್ಟು ಅಡಗಿದಾಗ, ತಾಯಿಯ ಟಿಕ್ ಟಿಕ್ ಅಡಿಯಲ್ಲಿ ಇನ್ನೊಂದು ಸದ್ದು ಕೇಳಿತು. ಸಣ್ಣದು, ಅವಸರದ್ದು. ನಾನು ಅವನತ್ತ ನೋಡಿದೆ. ಅವನು ಅಲ್ಲವೆಂದು ತಲೆಯಾಡಿಸಿದ. ಜೆಟ್ಟಿಯ ಕಂಬಗಳಿಗೆ ಬಡಿದ ತಾಯಿಯದೇ ಮಾರ್ದನಿ ಇರಬಹುದು, ಆಸೆ ಇಟ್ಟುಕೊಳ್ಳಬೇಡ ಅಂದ. ಮಾರ್ದನಿಯಾದರೆ ತಾಯಿಯ ಸದ್ದು ನಿಂತ ಕೂಡಲೇ ಅದೂ ನಿಲ್ಲಬೇಕಲ್ಲ, ಅಂದೆ. ನಿಲ್ಲದಿದ್ದರೆ, ಎಂದು ಕೇಳಿದೆ. ಅವನು ಬಗ್ಗಿ ಲ್ಯಾಪ್‌ಟಾಪಿಗೆ ಕಿವಿ ಹಚ್ಚಿದ.

ಕಾದೆವು. ಕಿಟಕಿಯಾಚೆ ಲೋಕಲ್ ಟ್ರೇನ್ ಹಾದುಹೋದದ್ದಕ್ಕೆ ಇಬ್ಬರೂ ಶಪಿಸಿದೆವು.

ತಾಯಿಯ ಸದ್ದು ನಿಂತಿತು.

ಸಣ್ಣ ಸದ್ದು ನಿಲ್ಲಲಿಲ್ಲ. ಟಿಕ್ಟಿಕ್ಟಿಕ್, ಟಿಕ್ಟಿಕ್ಟಿಕ್. ಶ್ಯಾಮ ನೆಲದ ಮೇಲೆ ಕೂತುಬಿಟ್ಟ. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ. ನೆಟ್ ಕಡಿಯಿತೆಂದು ನಾನು ರೇಗಿದ ಆ ಖಾಲಿ ಗಳಿಗೆಯಲ್ಲಿ, ಅಷ್ಟು ದೊಡ್ಡ ಕತ್ತಲ ನೀರಿನಲ್ಲಿ, ಕಣ್ಣಿಲ್ಲದ ಒಂದು ಕೂಸು ತಾಯಿ ಒಂದು ಉಸಿರು ತೆಗೆದುಕೊಂಡು ಬರುವವರೆಗೆ ತಾನೊಂದೇ ಲೋಕವನ್ನು ತಡವುತ್ತಿತ್ತು.

ತಾಯಿ ಕೆಳಗಿಳಿದು ಬಂತು. ಎರಡೂ ಸದ್ದು ಕೂಡಿಕೊಂಡು ಜೆಟ್ಟಿಯಿಂದ ದೂರ ದೂರ ಹೋದವು. ಪೂರ್ತಿ ಕೇಳಿಸದಾದ ಮೇಲೂ ನಾವು ಕೂತೇ ಇದ್ದೆವು.