ಬಿಚ್ಚಿ ನೋಡದ ಕೋವಿ

ನಾನು ಫ್ರೆಂಚ್ ಸೈನ್ಯದ ಒಂದು ಕೋವಿ. ನನ್ನ ಹುಟ್ಟೂರು ಸೇಂತ್ ಎತಿಯೆನ್. ಕಲ್ಲಿದ್ದಲ ಹೊಗೆಗೆ ಗೋಡೆಗಳೆಲ್ಲ ಕಪ್ಪಾದ ಊರು ಅದು. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಗಂಡಸರು ರಣರಂಗಕ್ಕೆ ಹೋಗಿದ್ದರಿಂದ ಕೋವಿ ಕಾರ್ಖಾನೆಯಲ್ಲಿ ಹೆಂಗಸರೇ ಹೆಚ್ಚಾಗಿದ್ದರು. ನನ್ನ ಉಕ್ಕಿನ ನಳಿಗೆಯನ್ನು ಅಕ್ರೋಟು ಮರದ ಮೈಗೆ ಕೂಡಿಸಿದವಳು ಕ್ಲೋದಿನ್. ಮರ ಬಿಗಿಯಾದ ಕಡೆ ಉಳಿಯಿಂದ ಒಂದಿಷ್ಟು ಹೆರೆಯುವಳು, ನಳಿಗೆ ಇಟ್ಟು ನೋಡುವಳು, ಮತ್ತೆ ಹೆರೆಯುವಳು. ಕೊನೆಗೆ ನಳಿಗೆಯ ಮೇಲೆ ಒಂದು ಸಂಖ್ಯೆ ಒತ್ತಿದರು. ಮರದ ಮೇಲೂ ಅದೇ ಸಂಖ್ಯೆ. ಕಬ್ಬಿಣವೂ ಮರವೂ ಒಂದೇ ಮನೆಯವರು ಎನ್ನುವುದಕ್ಕೆ ಅದು ಗುರುತು.

ನನ್ನನ್ನು ಹೊತ್ತ ಮೊದಲ ಸಿಪಾಯಿ ಮಾರ್ಸೆಲ್. ಊರಿನಲ್ಲಿ ಅವನು ರೊಟ್ಟಿ ಸುಡುವವನಂತೆ. ಕಂದಕದಲ್ಲಿ ಸುಮ್ಮನೆ ಕೂತಾಗ ಕೆಸರನ್ನೇ ಹಿಟ್ಟಿನ ಹಾಗೆ ನಾದುತ್ತಿದ್ದ. ಆಮೇಲೆ ಕೈ ಒರೆಸಿಕೊಂಡು, ನನ್ನ ಬಾಯಿಗೆ ಮಣ್ಣು ಹೋಗದಂತೆ ಬಟ್ಟೆ ಕಟ್ಟುತ್ತಿದ್ದ. ನನ್ನಿಂದ ಯಾರು ಯಾರು ಸತ್ತರೋ ನನಗೆ ತಿಳಿಯದು. ನಾನು ದೂರಕ್ಕೆ ಹೊಡೆಯುವ ಕೋವಿ. ಬಿದ್ದವರ ಮುಖ ನನಗೆ ಕಾಣುತ್ತಿರಲಿಲ್ಲ. ಅದು ನನ್ನ ಪುಣ್ಯವೆಂದು ಆಗ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಒಂದು ಮುಂಜಾನೆ ಹತ್ತಿರದಲ್ಲೇ ಶೆಲ್ ಸಿಡಿಯಿತು. ಮಾರ್ಸೆಲ್ ನನ್ನನ್ನು ಎದೆಗೆ ಅವಚಿಕೊಂಡಿದ್ದ. ಒಂದು ಚೂರು ಬಂದು ನನ್ನ ಮರದ ಮೈಯನ್ನು ಸೀಳಿಹಾಕಿತು. ಅವನನ್ನು ಡೋಲಿಯಲ್ಲಿ ಎತ್ತಿಕೊಂಡು ಹೋದರು. ಅವನು ಬದುಕಿದನೋ ಇಲ್ಲವೋ ನನಗೆ ಯಾರೂ ಹೇಳಲಿಲ್ಲ.

ಸೈನ್ಯದ ದುರಸ್ತಿ ಶಾಲೆಯಲ್ಲಿ ನನ್ನ ಪಕ್ಕ ಇನ್ನೊಂದು ಕೋವಿ ಬಿದ್ದಿತ್ತು. ಅದರ ನಳಿಗೆ ಸೊಟ್ಟಗಾಗಿತ್ತು, ಮರ ಮಾತ್ರ ಗಟ್ಟಿಯಾಗಿತ್ತು. ದುರಸ್ತಿಯವನು ಆ ಮರವನ್ನು ನನಗೆ ಹಾಕಿದ. ಹೊರಗಿದ್ದ ಹಳೆಯ ಸಂಖ್ಯೆಯನ್ನು ಹೆರೆದು ನನ್ನ ಸಂಖ್ಯೆ ಒತ್ತಿದ. ಒಳಗೆ, ನಳಿಗೆ ಮಲಗುವ ತೋಡಿನಲ್ಲಿ, ಆ ಕೋವಿಯ ಸಂಖ್ಯೆ ಇನ್ನೊಂದು ಕಡೆಯೂ ಇತ್ತು. ಅದಕ್ಕೆ ಅಡ್ಡಗೀರು ಹೊಡೆದು, ಪಕ್ಕದಲ್ಲಿ ಶಾಲೆಯ ಸಣ್ಣ ಮುದ್ರೆ ಹಾಕಿ, ಮುಚ್ಚಿಬಿಟ್ಟ. ಅಂದಿನಿಂದ ನಾನು ಎರಡು ಕೋವಿ ಸೇರಿ ಆದ ಒಂದು ಕೋವಿ.

ಯುದ್ಧ ಮುಗಿದ ಮೇಲೆ ಹಡಗು ಹತ್ತಿ ಮಾಹೆಗೆ ಬಂದೆ. ಮಲಬಾರಿನ ಕರಾವಳಿಯಲ್ಲಿ ಫ್ರೆಂಚರ ಕೈಯಲ್ಲಿದ್ದ ಪುಟ್ಟ ಊರು. ಅಲ್ಲಿಯ ಪೊಲೀಸರು ನನಗೆ ತೆಂಗಿನೆಣ್ಣೆ ಹಚ್ಚಿ ಕವಾಯತಿಗೆ ಒಯ್ಯುತ್ತಿದ್ದರು. ಫ್ರೆಂಚರು ಬಿಟ್ಟು ಹೋದಾಗ ನಾನು ಹರಾಜಿನಲ್ಲಿ ವಯನಾಡಿನ ಕಾಫಿ ತೋಟದ ಒಂದು ಮನೆ ಸೇರಿದೆ. ನನಗೆ ಹಿಡಿಯುವ ಗುಂಡಿನ ತೋಟಾ ಈ ದೇಶದಲ್ಲಿ ಸಿಗುತ್ತಿರಲಿಲ್ಲ. ಕಾಡುಹಂದಿಯನ್ನು ಬೆದರಿಸಲೂ ನಾನು ಕೆಲಸಕ್ಕೆ ಬಾರದಾದೆ. ಗೋಡೆಯ ಮೇಲೆ ಜಿಂಕೆಯ ಕೊಂಬಿನ ಕೆಳಗೆ ತೂಗಾಡುತ್ತ ವರ್ಷಗಳನ್ನು ಕಳೆದೆ.

ಆ ಮನೆಯ ಯಜಮಾನ ಕುರಿಯನ್ ಹಳೆಯ ಸಾಮಾನು ಮಾರಲು ಹೊರಟಾಗ ನನ್ನನ್ನು ನೋಡಲು ಮೊದಲು ಬಂದವರು ಮಂಗಳೂರಿನ ಹಲ್ಲಿನ ಡಾಕ್ಟರು ಲಿಯೊ ರೆಬೆಲ್ಲೊ. ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಜೇಬಿನಿಂದ ತೆಗೆದು ನನ್ನ ಸಂದುಗೊಂದುಗಳನ್ನೆಲ್ಲ ನೋಡಿದರು. ಒಂದು ಸಲ ಕೆಳಗಿಟ್ಟು ಮತ್ತೆ ಎತ್ತಿಕೊಂಡರು. ಆಸೆಪಟ್ಟ ಕೈ ಯಾವುದೆಂದು ನನಗೆ ಗೊತ್ತಾಗುತ್ತದೆ.

"ತಗೊಳ್ತೀರಾ ಡಾಕ್ಟರೇ?" ಎಂದು ಕುರಿಯನ್ ಕೇಳಿದ.

ಲಿಯೊ ನನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ನನಗಲ್ಲ. ನನ್ನ ಸ್ನೇಹಿತರೊಬ್ರು ಹೊಳ್ರು ಅಂತ ಇದ್ದಾರೆ. ಇಂಥದ್ದಕ್ಕಾಗಿ ಎಷ್ಟೋ ವರ್ಷದಿಂದ ಹುಡುಕ್ತಿದ್ದಾರೆ. ನೀವೇ ಅವರಿಗೆ ಫೋನ್ ಮಾಡಿ. ನಾನು ಬಂದದ್ದು ಹೇಳ್ಬೇಡಿ. ತಾವೇ ಹುಡುಕಿದ್ದು ಅಂತ ಅವರಿಗೆ ಖುಷಿಯಾಗ್ಲಿ."

ಹೀಗೆ ನಾನು ಮಂಗಳೂರಿನ ಪದ್ಮನಾಭ ಹೊಳ್ಳರ ಮನೆಗೆ ಬಂದೆ. ಅವರು ಹಡಗಿನ ಎಂಜಿನಿಯರ್ ಆಗಿ ನಿವೃತ್ತರಾದವರು. ಫ್ರಾನ್ಸಿನ ಮಾರ್ಸೆ ಬಂದರಿನಲ್ಲಿ ಹಡಗು ನಿಂತಾಗಲೆಲ್ಲ ಹಳೆಯ ಅಂಗಡಿಗಳನ್ನು ಸುತ್ತಿ ಫ್ರೆಂಚ್ ಕೋವಿಗಳ ಮೋಹ ಹಿಡಿಸಿಕೊಂಡಿದ್ದರು. ಪೊಲೀಸರ ಅಪ್ಪಣೆಯಂತೆ ನನ್ನ ನಳಿಗೆಗೆ ಬೆಸುಗೆ ಹಾಕಿದರು. ಇನ್ನು ಯಾರಿಗೂ ನನ್ನಿಂದ ನೋವಿಲ್ಲ ಎಂದು ನಾನು ನಿಟ್ಟುಸಿರುಬಿಟ್ಟೆ. ಆ ಕೋಣೆಯಲ್ಲಿ ನನಗಿಂತ ಹಿರಿಯರಿಬ್ಬರಿದ್ದರು. ಒಂದು ಟಿಪ್ಪುವಿನ ಕಾಲದಲ್ಲಿ ಫ್ರಾನ್ಸಿನಿಂದ ಬಂದ ಬಂದೂಕು, ಇನ್ನೊಂದು ಕಾಗದದ ತೋಟಾ ನುಂಗುತ್ತಿದ್ದ ಷಾಸ್ಪೊ ಕೋವಿ.

ಪ್ರತಿ ಆದಿತ್ಯವಾರ ಪೂಜೆ ಮುಗಿಸಿ ಲಿಯೊ ಇಗರ್ಜಿಯಿಂದ ನೇರ ಬರುತ್ತಿದ್ದರು. ಹೊಳ್ಳರ ಹೆಂಡತಿ ಸುಮತಿಯಮ್ಮ ನೀರುದೋಸೆ ಮಾಡಿಡುತ್ತಿದ್ದರು. ಈ ಮುದ್ರೆ ಯಾವ ಕಾರ್ಖಾನೆಯದು, ಈ ಕಬ್ಬಿಣ ಇಷ್ಟು ನೀಲಿಯಾಗಿರುವುದು ಯಾಕೆ ಎಂದು ಇಬ್ಬರೂ ಮಧ್ಯಾಹ್ನದವರೆಗೆ ಮಾತಾಡುತ್ತಿದ್ದರು. ಬೇರೆಯವರಿಗೆ ಅದು ಹುಚ್ಚು. ನನಗೆ ಅದಕ್ಕಿಂತ ಒಳ್ಳೆಯ ದಿನಗಳು ಹಿಂದೆ ಬಂದಿರಲಿಲ್ಲ, ಮುಂದೂ ಬರಲಿಲ್ಲ.

ಒಂದು ಆದಿತ್ಯವಾರ ಮೈಸೂರಿನಿಂದ ಇಬ್ಬರು ಸಂಗ್ರಹಕಾರರು ನನ್ನನ್ನು ನೋಡಲು ಬಂದರು. ಹೊಳ್ಳರು ಹೊಸ ಅಂಗಿ ಹಾಕಿಕೊಂಡಿದ್ದರು. "ಇದರಲ್ಲಿ ಒಂದು ತಿರುಪೂ ಬದಲಾಗ್ಲಿಲ್ಲ. ಎಲ್ಲ ಅಸಲು," ಎಂದು ನನ್ನನ್ನು ಅವರ ಕೈಗಿತ್ತರು. ಲಿಯೊ ನನ್ನ ಮರದ ಮೇಲೆ ಬೆರಳಾಡಿಸುತ್ತಿದ್ದವರು ಥಟ್ಟನೆ ನಿಂತರು. ಕಂಡುಹಿಡಿದ ಸಂತೋಷದಲ್ಲಿ ಅವರಿಗೆ ಎದುರಿಗೆ ಯಾರಿದ್ದಾರೆ ಎಂಬುದೇ ಮರೆತುಹೋಯಿತು.

"ಹೊಳ್ರೇ, ಈ ಮರ ಈ ಕಬ್ಬಿಣದ್ದಲ್ಲ ಅಂತ ಕಾಣ್ತದೆ."

"ಎಂತ ಹೇಳ್ತೀರಿ ಡಾಕ್ಟ್ರೇ? ನಂಬರ್ ಎರಡೂ ಕಡೆ ಒಂದೇ ಉಂಟಲ್ಲ?"

"ಉಂಟು. ಆದ್ರೆ ಇಲ್ಲಿ ಮುಟ್ಟಿ ನೋಡಿ, ಸ್ವಲ್ಪ ತಗ್ಗು. ಹಳೇದನ್ನು ಹೆರೆದು ಮತ್ತೆ ಹೊಡ್ದಿದ್ದಾರೆ. ಯಾರು ಹೊಡ್ದದ್ದು ಅಂತ ಒಳಗೆ ಗೊತ್ತಾಗ್ಬಹುದು. ಒಂದು ಸಲ ಬಿಚ್ಚಿ ನೋಡುವ."

ಬಂದವರಲ್ಲೊಬ್ಬರು ನಕ್ಕರು. "ಹಾಗಾದ್ರೆ ಇದು ಯಾರೋ ಜೋಡಿಸಿದ ಮಾಲು ಅನ್ನಿ!"

ಹೊಳ್ಳರ ಮುಖ ಕೆಂಪಾಯಿತು. "ಬಿಚ್ಚುವ ಅಗತ್ಯ ಇಲ್ಲ," ಎಂದರು. "ಹಲ್ಲು ಕೀಳುವವರಿಗೆ ಕೋವಿ ಬಗ್ಗೆ ಎಂತ ಗೊತ್ತುಂಟು?"

ಲಿಯೊ ನನ್ನ ಮೇಲಿನಿಂದ ಕೈ ತೆಗೆದರು. ಸುಮತಿಯಮ್ಮನಿಗೆ, "ಬರ್ತೇನೆ ಅಮ್ಮ, ದೋಸೆ ಒಳ್ಳೆದಿತ್ತು," ಎಂದು ಹೇಳಿ ಮೆಟ್ಟಿಲಿಳಿದು ಹೋದರು. ನನ್ನ ಬಾಯಿ ಮುಚ್ಚಿತ್ತು, ನಿಜ. ಆದರೂ ಆ ದಿನ ಇಬ್ಬರು ಮನುಷ್ಯರನ್ನು ಅಗಲಿಸಿದ್ದು ನಾನೇ.

ಮುಂದಿನ ಆದಿತ್ಯವಾರ ಲಿಯೊ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

"ಒಂದು ಫೋನ್ ಮಾಡ್ಲಿಕ್ಕೆ ಎಂತ ಕಷ್ಟ ನಿಮ್ಗೆ?" ಎಂದು ಸುಮತಿಯಮ್ಮ ಕೇಳುತ್ತಿದ್ದರು.

"ನಾಲ್ಕು ಜನರೆದುರು ಮರ್ಯಾದೆ ತೆಗ್ದದ್ದು ಅವರು. ಅವರೇ ಮಾಡ್ಲಿ."

ಆದರೆ ಹೊಳ್ಳರು ಒಬ್ಬರೇ ಇದ್ದಾಗ ನಡೆದದ್ದು ನನಗೆ ಗೊತ್ತು. ಸ್ಕ್ರೂಡ್ರೈವರ್ ತಂದು ನನ್ನ ತಿರುಪಿಗೆ ಇಡುತ್ತಿದ್ದರು. ಕೈಯಲ್ಲಿ ಬಲವಿದ್ದರೂ ತಿರುಗಿಸುತ್ತಿರಲಿಲ್ಲ. ಲಿಯೊ ಹೇಳಿದ್ದು ನಿಜವಾಗಿಬಿಟ್ಟರೆ ಎಂಬ ಹೆದರಿಕೆ. ತಿರುಗಿಸಿ ಹೊಳ್ಳರೇ, ಒಳಗೆ ಹೆದರುವಂಥದ್ದು ಏನೂ ಇಲ್ಲ ಎಂದು ನಾನು ಕೂಗಬೇಕೆಂದಿದ್ದೆ. ಮನುಷ್ಯರ ಕೈಯಲ್ಲಿ ಗುಡುಗಿದ್ದ ನನಗೆ ಒಂದು ಮಾತು ಬರುವುದಿಲ್ಲ. ಹೀಗೆಯೇ ಹನ್ನೊಂದು ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಸುಮತಿಯಮ್ಮ ಬಾಗಿಲಲ್ಲಿ ನಿಂತು, "ಡಾಕ್ಟ್ರು ತೀರಿಹೋದ್ರಂತೆ," ಎಂದರು. ಹೊಳ್ಳರು ಇಗರ್ಜಿಗೆ ಹೋಗಿ, ಹಿಂದಿನ ಸಾಲಿನಲ್ಲಿ ನಿಂತು, ಬಂದರು. ಊಟ ಮಾಡಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ನನ್ನ ಮುಂದೆ ಕೂತರು. ಈ ಸಲ ಕೈ ನಿಲ್ಲಲಿಲ್ಲ. ನಳಿಗೆಯನ್ನು ಎತ್ತಿ, ತೋಡಿನ ಹಳೆಯ ಎಣ್ಣೆ ಒರೆಸಿ, ಕನ್ನಡಕ ಸರಿಮಾಡಿಕೊಂಡರು. ಅಡ್ಡಗೀರಿನ ಸಂಖ್ಯೆ ಕಂಡಿತು. ದುರಸ್ತಿ ಶಾಲೆಯ ಮುದ್ರೆಯೂ ಕಂಡಿತು.

"ಸುಮತಿ, ಡಾಕ್ಟ್ರು ಹೇಳಿದ್ದು ಸರಿ! ಮರ ಬೇರೆಯದ್ದೇ. ಆದ್ರೆ ಯುದ್ಧದ ಕಾಲದಲ್ಲಿ ಸೈನ್ಯದವರೇ ಹಾಕಿದ್ದು. ಮೋಸದ ಮಾಲಲ್ಲ. ಇದರಿಂದ ಕೋವಿಯ ಬೆಲೆ ಹೆಚ್ಚೇ ಆಗ್ತದೆ ಹೊರತು ಕಡಿಮೆ ಆಗುದಿಲ್ಲ. ಇಬ್ರು ಹೇಳಿದ್ದೂ ಸರಿ!"

ಸುಮತಿಯಮ್ಮ ಕೈ ಒರೆಸಿಕೊಳ್ಳುತ್ತ ನೋಡಿದರು. "ಈಗ ಅದನ್ನು ಯಾರಿಗೆ ಹೇಳ್ತೀರಿ?"

ತೀರಿಹೋದವರ ತಿಂಗಳ ಪೂಜೆಗೆ ಕರೆಯಲು ಲಿಯೊ ಅವರ ಹೆಂಡತಿ ಐರಿನ್‌ಬಾಯಿ ಬಂದಾಗ ನಾನಿನ್ನೂ ಎರಡಾಗಿ ಮೇಜಿನ ಮೇಲೆ ಬಿದ್ದಿದ್ದೆ. ಹೊಳ್ಳರು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ, "ಈ ಕೋವಿ ನಿಮ್ಮ ಮನೆಯಲ್ಲಿ ಇರ್ಲಿ ಬಾಯಿ. ಅವರದ್ದೇ ಇದು," ಎಂದರು.

"ಅವರಿಗೆ ಬೇಕಾಗಿದ್ರೆ ಆವಾಗ್ಲೇ ತಗೊಳ್ತಿದ್ರು. ಕುರಿಯನ್ ಹತ್ರ ಮೊದ್ಲು ನೋಡಿದ್ದು ಅವರೇ ಅಲ್ವಾ? ನಿಮ್ಗೆ ಫೋನ್ ಮಾಡ್ಲಿಕ್ಕೆ ಹೇಳಿ ಬಂದದ್ದು."

ಹೊಳ್ಳರು ಕೈಗೆತ್ತಿಕೊಂಡಿದ್ದ ನಳಿಗೆಯನ್ನು ಮತ್ತೆ ಮೇಜಿನ ಮೇಲಿಟ್ಟರು.

"ಅವರಿಗೆ ಕೋವಿ ಬೇಡ ಇತ್ತು," ಎಂದರು ಐರಿನ್‌ಬಾಯಿ. "ಆದಿತ್ಯವಾರ ಬೇಕಿತ್ತು. ಪೂಜೆ ಮುಗಿಸಿ ಬಂದು ಅಂಗಿ ಬದಲಾಯಿಸದೆ ಕೂತಿರ್ತಿದ್ರು. ನಾನೂ ಕೇಳ್ಲಿಕ್ಕೆ ಹೋಗ್ತಿರ್ಲಿಲ್ಲ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹೊಳ್ಳರಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತೋ ಏನೋ.

ಆಮೇಲೆ ಹೊಳ್ಳರು ಹೊಸ ಕೋವಿ ಹುಡುಕಲಿಲ್ಲ. ಇದ್ದವನ್ನೂ ಒಂದು ಕಾಲೇಜಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ನಾನೀಗ ಗಾಜಿನ ಕಪಾಟಿನಲ್ಲಿದ್ದೇನೆ. ಮುದಿತನದಲ್ಲಿ ಯೋಚಿಸಲು ಬೇಕಾದಷ್ಟು ಸಮಯವಿದೆ. ಕಂದಕದ ಆಚೆ ಬಿದ್ದವರನ್ನು ನೆನೆಯುತ್ತೇನೆ. ಮಾರ್ಸೆಲ್‌ನನ್ನು ನೆನೆಯುತ್ತೇನೆ. ಅವೆಲ್ಲ ಯುದ್ಧದ ಕೆಲಸ, ನನ್ನ ಕೈಯಲ್ಲಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಮಂಗಳೂರಿನ ಆ ಕೋಣೆಯಲ್ಲಿ ಯಾವ ಯುದ್ಧವೂ ಇರಲಿಲ್ಲ. ಅಲ್ಲಿ ನಡೆದದ್ದಕ್ಕೆ ಏನು ಹೇಳಿಕೊಳ್ಳಲಿ?

ಮೊನ್ನೆ ಹೊಳ್ಳರು ಕೋಲೂರಿಕೊಂಡು ಬಂದಿದ್ದರು. ಸಂಗ್ರಹಾಲಯ ನೋಡಿಕೊಳ್ಳುವ ಮೇಡಂ ಸಂಭ್ರಮದಿಂದ ವಿದ್ಯಾರ್ಥಿಗಳನ್ನು ಸುತ್ತ ಸೇರಿಸಿ, "ಸರ್, ಈ ಕೋವಿ ಬಗ್ಗೆ ನಿಮಗಿಂತ ಚೆನ್ನಾಗಿ ತಿಳಿದವರಿಲ್ಲ. ಸ್ವಲ್ಪ ಹೇಳಿ," ಎಂದರು.

ಹೊಳ್ಳರು ಕೋಲೂರಿ ಗಾಜಿನ ಹತ್ತಿರ ಬಂದರು.

"ನನಗೆ ಅರ್ಧ ಮಾತ್ರ ಗೊತ್ತುಂಟು," ಎಂದರು. "ಉಳಿದದ್ದು ಗೊತ್ತಿದ್ದವರು ಒಬ್ರು ಇದ್ರು. ಅವರು ಹೇಳುವಾಗ ನಾನು ಕೇಳ್ಲಿಲ್ಲ."